ಅಳತೆ ರವಿಕೆ

ಒಂಬತ್ತೂವರೆಯ ಧಾರಾವಾಹಿಯಲ್ಲಿ ಆ ಕಿರಿಸೊಸೆ
ಮೆಟ್ಟಿಲು ಹತ್ತುವಾಗ ಬೆನ್ನು ತೋರಿಸಿದಳು. ಅಷ್ಟೆ.
ಮಾರನೆಯ ಬೆಳಿಗ್ಗೆ ಪೇಟೆಬೀದಿಯ ನನ್ನ ಅಂಗಡಿಗೆ
ಹನ್ನೊಂದು ಜನ ಬಂದರು, ಫೋನಿನಲ್ಲಿ ಆ ಬೆನ್ನು ಹಿಡಿದುಕೊಂಡು:
ಹನಿಯಾಕಾರದ ಕಿಂಡಿ, ಕೆಳಗೆ ಮೂರು ದಾರ,
ದಾರದ ತುದಿಗೆ ಗೆಜ್ಜೆ.
ಅಳತೆ ರವಿಕೆ ತಂದಿರಾ ಎಂದರೆ
'ಅದ್ಯಾಕೆ, ಅವಳದು ಇದೆಯಲ್ಲ' ಅನ್ನುತ್ತಾರೆ.
ಒಂದು ಬಾಣಂತಿಯ ಬೆನ್ನು, ಎರಡು ನಾಟಿಯ ಬಿಸಿಲು ಕುಡಿದವು,
ಒಂದು ಡ್ರಿಲ್ ಮೇಷ್ಟ್ರ ಹೆಂಡತಿಯದು, ತುಸು ಗೂನು.
ಎಲ್ಲಕ್ಕೂ ಹನಿ ಕತ್ತರಿಸಿದೆ.
ದೂರುತ್ತಿಲ್ಲ. ಮೋಟಾರಿನ ಹೊಸ ಮಿಷನ್ನು
ಆ ಕಿಂಡಿಯೊಳಗಿಂದಲೇ ಬಂದದ್ದು.

ಹೇಳಬೇಕಿದ್ದುದು ಬೇರೆ.

ಶ್ರಾವಣದಲ್ಲಿ ಆ ಧಾರಾವಾಹಿಯ ಮನೆಗೆ
ಹೊಸ ಕೆಲಸದವಳು ಬಂದಳು, ಮಂಡ್ಯದವಳಂತೆ.
ಅವಳು ಬಾಯಿ ಬಿಟ್ಟರೆ ಹಿಂದಿನಿಂದ ಡೊಂಯ್ ಎಂಬ ಸದ್ದು.
ಒಡತಿ ನಗುತ್ತಾಳೆ, ಸೋಫಾ ಪೂರ್ತಿ ನಗುತ್ತದೆ.
ಪ್ರತಿ ಮಾತಿನ ಬಾಲಕ್ಕೂ ಒಂದು 'ಐತೆ', ಒಂದು 'ಕಣವ್ವೋ',
ಗುಂಡಿ ಮಿಕ್ಕವೆಂದು
ಕಂಡಲ್ಲೆಲ್ಲ ಹೊಲಿದ ಹಾಗೆ.

ತಂಗಿಯ ಮಗಳು ಇಂಚರ, ಕಾನ್ವೆಂಟಿನ ಆರನೇ ಕ್ಲಾಸು,
'ಹಾಲು ಬೇಡ ಮಮ್ಮಿ' ಎಂದು ಹಕಾರವನ್ನು
ಚಿಲ್ಲರೆಯಂತೆ ಎಣಿಸಿ ಆಡುವವಳು,
ಸೊಂಟಕ್ಕೆ ಟವೆಲ್ಲು ಸಿಕ್ಕಿಸಿ ಆ ಕೆಲಸದವಳಾದಳು.
ಕಣ್ಣರಳಿಸಿ, ಮೂಗಿನಲ್ಲಿ: 'ಒಸಿ ನೀರ್ ಐತೇನ್ರವ್ವೋ!'
ಎಲ್ಲರೂ ನಕ್ಕರು. ನಾನೂ ನಕ್ಕೆ,
ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

ನಮ್ಮವ್ವ ದುಂಡಮ್ಮ ಬಸರಾಳು ಕಡೆಯವಳು.
ಕಾಜಾ ಹಾಕುತ್ತ ಕೂತಿದ್ದವಳು ತಲೆಯೆತ್ತಿದಳು.
'ಅದ್ಯಾವ ಸೀಮೆ ಮಾತು ಮಗ? ಚೆನ್ನಾಗದೆ.'
'ನಿಮ್ದೇ ಅಜ್ಜಿ. ಮಂಡ್ಯದ್ದು.'
ಅವ್ವನ ಸೂಜಿ ಬಟ್ಟೆಯೊಳಗೆ ಅರ್ಧ ನಿಂತಿತು.
'ನಾವು ಅದೆ ಅಂತೀವಲ್ಲವ್ವ. ನೀರ್ ಅದೆ, ಹಿಟ್ ಅದೆ...
ಇರ್ಲಿ ಬುಡು. ಟೀವಿಯೋರ್ಗೆ ಗೊತ್ತಿರ್ತದೆ.'

ಆ ವರ್ಷವೇ ನದಿ ನೀರಿಗೆ ಬಂದ್ ಆಯಿತು.
ನಮ್ಮ ಭಾವ ಪುಟ್ಟಬಸವಯ್ಯ, ಸೊಸೈಟಿಯ ಗುಮಾಸ್ತರು,
ಕಟ್ಟೆಯಲ್ಲಿ ಎಷ್ಟು ಅಡಿ, ಯಾವ ತಿಂಗಳು ಎಷ್ಟು ಬಿಟ್ಟರು,
ಚೀಟಿಯಲ್ಲಿ ಬರೆದುಕೊಂಡು ಸಂಜಯ ಸರ್ಕಲ್ಲಿಗೆ ಹೋದರು.
ಮೈಕಿನ ಹುಡುಗಿ ಪೂರ್ತಿ ಕೇಳಿಸಿಕೊಂಡಳು, ಪಾಪ.
ಆಮೇಲೆ ಅಂದಳಂತೆ:
'ಸರ್, ಇನ್ನೊಂದ್ಸಲ. ಮಂಡ್ಯ ಸ್ಟೈಲಲ್ಲಿ. ಸಿಟ್ಟಾಗಿ.'
ಭಾವನಿಗೆ ಸಿಟ್ಟು ಇತ್ತು. ಸ್ಟೈಲು ಎಲ್ಲಿಂದ ತರುವುದು?
ಗಂಟಲಲ್ಲಿ ತಡಕಾಡಿದರು, ಸಿಕ್ಕಿದ್ದನ್ನು ಎಳೆದರು:
ಹೊರಗೆ ಬಂದವಳು ಆ ಕೆಲಸದವಳು.
ರಾತ್ರಿಯೆಲ್ಲ ಅದನ್ನೇ ತಿರುತಿರುಗಿಸಿ ತೋರಿಸಿದರು,
ಕೆಳಗೆ ಕೆಂಪಕ್ಷರ ಓಡಿತು, ಡೊಂಯ್ ಬದಲು ಢಂ ಢಂ.
ಚೀಟಿ ಅಂಗಿಯ ಜೇಬಲ್ಲೇ ಒಗೆತಕ್ಕೆ ಹೋಯಿತು.

ಮೊನ್ನೆ ಅವ್ವ ಹತ್ತಿರ ಬಂದು, ಯಾರಿಗೂ ಕೇಳದಂತೆ:
'ನಂಗೂ ಒಂದ್ ಕಿಂಡಿ ಮಡಗು. ಸೆಕೆ ಕಣವ್ವ. ಗಾಳಿ ಆಡ್ತದೆ.'
ಎಪ್ಪತ್ತಾರು ವರ್ಷದ ಬೆನ್ನು.
ಅವಳ ಅಳತೆ ರವಿಕೆ ಹುಡುಕಿದೆ, ಪೆಟ್ಟಿಗೆಯ ತಳದಲ್ಲಿತ್ತು,
ಅಂಚಿಗೆ ಅರಿಶಿನ, ಕಂಕುಳಲ್ಲಿ ಬೆವರಿನ ಬಿಳಿ ಗೆರೆ.
ಹಾಕಿ ನೋಡಿದರೆ ಒಳಗೆ ಇನ್ನೊಬ್ಬಳು ಹಿಡಿಸುವಷ್ಟು ಜಾಗ.
ಟೇಪು ತೆಗೆದೆ. ಒಂದು ತುದಿ ಇಂಚರಳ ಕೈಗೆ ಕೊಟ್ಟೆ.
ಹುಡುಗಿ ಎಳೆದಳು.
'ಒಸಿ ತಡಿ ಮಗ, ತೋಳ್ ಎತ್ತಕ್ಕಾಗಾಕಿಲ್ಲ.'

ಇಂಚರ ಟೇಪು ಬಿಟ್ಟು ಕೈ ತಟ್ಟಿ ಕುಣಿದಳು:
'ಸೂಪರ್ ಅಜ್ಜಿ! ಸೇಮ್ ಟೀವೀಲಿ ಬರೋ ಥರಾನೇ ಅಂದೆ!
ಇನ್ನೊಂದ್ಸಲ, ಇನ್ನೊಂದ್ಸಲ!'

ಅವ್ವನ ಮುಖದಲ್ಲಿ, ಆಣೆಗೂ, ಹೆಮ್ಮೆ ಇತ್ತು.
ಗಂಟಲು ಸರಿಮಾಡಿಕೊಂಡಳು.
ನಾನು ಅಳತೆ ಎಷ್ಟು ಬಂತು ಎಂದು ಕೇಳಿದೆ.
ಯಾರೂ ಹೇಳಲಿಲ್ಲ. ಒಂಬತ್ತೂವರೆಯಾಗಿತ್ತು.